ತೂಗಿ ತುಂಬಿದ ತೋಟಾ

ಅಮೆರಿಕೆಯಲ್ಲಿ 1873ರಷ್ಟು ಹಿಂದೆಯೇ ಬಂದ ಕೋಲ್ಟ್ ರಿವಾಲ್ವರಿನ ತೋಟಾಗಳನ್ನು ಮನೆಯಲ್ಲಿಯೇ ಮರಳಿ ತುಂಬುವುದು ಅಲ್ಲಿ ಇಂದಿಗೂ ಅನೇಕರ ಹವ್ಯಾಸ. (ನಮ್ಮ ದೇಶದಲ್ಲಾದರೋ 1959ರ ಆಯುಧ ಅಧಿನಿಯಮದ ಮೇರೆಗೆ ಪರವಾನಗಿಯಿಲ್ಲದೆ ಇದನ್ನು ಮಾಡುವುದು ಅಪರಾಧ.) ಸುಟ್ಟ ಹಿತ್ತಾಳೆಯ ಕವಚದಿಂದ ಹಳೆಯ ಪ್ರೈಮರನ್ನು ತೆಗೆದು, ಕವಚವನ್ನು ಅಳತೆಗೆ ತಂದು, ಹೊಸ ಪ್ರೈಮರ್ ಕೂರಿಸಿ, ಮದ್ದು ತುಂಬಿ, ಸೀಸದ ಗುಂಡನ್ನು ಬಿಗಿಯುತ್ತಾರೆ. ಹಿಂದಿನ ಕರಿಮದ್ದಿನ ಪೂರ್ಣ ಪ್ರಮಾಣ 40 ಗ್ರೇನ್, ಎಂದರೆ ಸುಮಾರು 2.6 ಗ್ರಾಂ. ಇಂದಿನ ಹೊಗೆರಹಿತ ಮದ್ದು ಬಹಳ ಕಡಿಮೆ ಸಾಕು. ಮರೆತು ಎರಡು ಬಾರಿ ಸುರಿದರೂ ಕವಚದಲ್ಲಿ ಹಿಡಿಸುತ್ತದೆ, ಆಗ ರಿವಾಲ್ವರು ಕೈಯಲ್ಲಿಯೇ ಸಿಡಿಯಬಹುದು. ಆದುದರಿಂದ ಹವ್ಯಾಸಿಯು ಚಿನಿವಾರನಂತೆ ತೂಗುತ್ತಾನೆ.

ಗುರಿ ಬರಿಯ ಕಾಗದವಾಗಿರುವಾಗ ಸಂಕಲ್ಪೀ ಹಿಂಸೆ ಎಲ್ಲಿದೆ? ಇಲ್ಲವೆಂದೇ ಹೇಳಬೇಕು. ಅಷ್ಟು ಎಚ್ಚರದಿಂದ ತೂಗುವವನಲ್ಲಿ ಪ್ರಮಾದವೂ ಇಲ್ಲ. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ ಐದು ಬಗೆಯ ಅನರ್ಥದಂಡಗಳಲ್ಲಿ ಹಿಂಸಾದಾನವೂ ಒಂದು. ಹಿಂಸೆಯ ಉಪಕರಣಗಳನ್ನು ಪರರಿಗೆ ಕೊಡುವುದೇ ಅದು. ಆತ್ಮರಕ್ಷಣೆಗಾದರೆ ಗೃಹಸ್ಥನಿಗೆ ವಿರೋಧೀ ಹಿಂಸೆಯ ರಿಯಾಯಿತಿ ಉಂಟು. ಹವ್ಯಾಸಕ್ಕೆ ಆ ಕಾರಣವೂ ಇಲ್ಲ.

ತಾನೇ ತುಂಬಿ ತಾನೇ ಸುಡುವವನು ಯಾರಿಗೂ ಕೊಡುವುದಿಲ್ಲವಲ್ಲ ಎನ್ನಬಹುದು. ಒಣ ಜಾಗದಲ್ಲಿಟ್ಟ ತೋಟಾ ಹತ್ತಾರು ವರ್ಷ ಕೆಡದು. ತುಂಬಿದವನ ಕಾಲಾನಂತರ ಆ ಡಬ್ಬಿಯನ್ನು ತೆರೆಯುವವರ ಗುರಿಯೂ ಕಾಗದವೇ ಆಗಿರಬೇಕೆಂದಿಲ್ಲ.