ಪುರುಸೊತ್ತು ಯಾರ ಸೊತ್ತು?

ಇಂಟರ್‌ವ್ಯೂಗಳಲ್ಲಿ ಸಂಬಳದ ಮಾತು ಶುರುವಾಗೋ ಮುಂಚೆ ಒಂದು ಹಗುರ ಪ್ರಶ್ನೆ ಬರುತ್ತೆ: 'ನಿಮ್ಮ ಹಾಬೀಸ್ ಏನು?' ಎಲ್ಲರ ಹತ್ತಿರವೂ ಇಸ್ತ್ರಿ ಮಾಡಿಟ್ಟ ಉತ್ತರ ಇರುತ್ತೆ. ಓದೋದು, ಟ್ರೆಕ್ಕಿಂಗ್, ಫೋಟೋಗ್ರಫಿ. ಅಂಗೈಗೆ ಫೆವಿಕಾಲ್ ಸವರಿ, ಒಣಗಿದ ಮೇಲೆ ಹಾವಿನ ಪೊರೆ ಥರ ಸುಲಿಯೋದು ಇಷ್ಟ ಅಂತ ಯಾರೂ ಹೇಳಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಮುಂದಿನ ಗಾಡಿಯ ನಂಬರ್ ಪ್ಲೇಟಿನ ಅಂಕಿ ಕೂಡಿಸಿ ಒಂಬತ್ತು ಬಂದರೆ ಖುಷಿ ಪಡೋದು, ಕೊರಿಯರ್ ಡಬ್ಬಿಯೊಳಗಿನ ಬಬಲ್ ರ‍್ಯಾಪನ್ನ ಒಂದು ಗುಳ್ಳೆಯೂ ಬಿಡದೆ ಚಟ್ ಚಟ್ ಅನ್ನಿಸೋದು, ಇವೂ ಹಾಬಿಗಳೇ. ನಾನು ಮೂರನ್ನೂ ಮಾಡ್ತೀನಿ. ರೆಸ್ಯೂಮೆಯಲ್ಲಿ ಹಾಕಿಲ್ಲ ಅಷ್ಟೇ.

ಯಾಕೆ ಹಾಕಲ್ಲ? 'ಅದರಿಂದ ಏನು ಪ್ರಯೋಜನ?' ಅಂತ ಕೇಳಿದರೆ ಉತ್ತರ ಇಲ್ಲ. ನಮ್ಮಲ್ಲಿ ಖುಷಿ ಪಡೋದಕ್ಕೂ ಒಂದು ರಜಾಚೀಟಿ ಬೇಕು, ಅದರಲ್ಲಿ ಕಾರಣ ಬರೆದಿರಬೇಕು.

ಇದರ ತರಬೇತಿ ಚಿಕ್ಕಂದಿನಲ್ಲೇ ಆಗುತ್ತೆ. ಸ್ಟಾಂಪ್ ಕೂಡಿಡೋ ಹುಡುಗನಿಗೆ ಮನೆಯಲ್ಲಿ ಮರ್ಯಾದೆ ಇತ್ತು. 'ಹೆಲ್ವೇಷಿಯಾ' ಅಂತಿದ್ದರೆ ಸ್ವಿಟ್ಜರ್ಲೆಂಡ್, 'ಮಗ್ಯಾರ್' ಅಂತಿದ್ದರೆ ಹಂಗೇರಿ ಅಂತ ನೆಂಟರ ಮುಂದೆ ಹೇಳಿಸೋರು, ಜನರಲ್ ನಾಲೆಡ್ಜ್ ಅಲ್ವಾ! ಬೆಂಕಿಪೊಟ್ಟಣದ ಚಿತ್ರ ಕೂಡಿಡೋನಿಗೆ ಮಾತ್ರ ಬೈಗುಳ. ಅವು ಸಿಗೋದೇ ಬೀಡಾ ಅಂಗಡಿ ಮುಂದೆ, ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ. ನಾನು ಈ ಎರಡನೇ ಪಂಗಡದವನು. ಚೀತಾ, ಶಿಪ್ ಎಲ್ಲ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೆ. ಶಿವಕಾಶಿ, ಸಾತ್ತೂರು, ಕೋವಿಲ್‌ಪಟ್ಟಿ ಅನ್ನೋ ತಮಿಳುನಾಡಿನ ಊರುಗಳನ್ನ ನನಗೆ ಕಲಿಸಿದ್ದು ಆ ಪೊಟ್ಟಣಗಳೇ. ನೋಡಿದ್ರಾ, ಪ್ರಯೋಜನದ ಮಾತು ಹೇಗೆ ತಾನಾಗೇ ಬಾಯಿಗೆ ಬರುತ್ತೆ!

ಟಿವಿಗೂ ಇದೇ ಕಾನೂನು. 2002ರಲ್ಲಿ ಚಂದನದಲ್ಲಿ ಶುರುವಾದ 'ಥಟ್ ಅಂತ ಹೇಳಿ' ನೋಡಿದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಡಾ. ನಾ. ಸೋಮೇಶ್ವರ ಪ್ರಶ್ನೆ ಕೇಳ್ತಾರೆ, ಗೆದ್ದರೆ ಬಹುಮಾನವೂ ಪುಸ್ತಕವೇ. 'ಮಾಲ್ಗುಡಿ ಡೇಸ್'ಗೂ ರಿಯಾಯಿತಿ ಇತ್ತು. ಆರ್.ಕೆ. ನಾರಾಯಣ್ ಕಥೆಗಳು, ಶಂಕರ್ ನಾಗ್ ನಿರ್ದೇಶನ, ಆಗುಂಬೆಯ ಮಳೆ, ಒಟ್ಟಿನಲ್ಲಿ ಸಾಹಿತ್ಯ. ಆದರೆ 'ಸಿಲ್ಲಿ ಲಲ್ಲಿ'? ಡಾಕ್ಟರ್ ವಿಠಲ್ ರಾವ್ ಅವಾಂತರಗಳಿಗೆ ಹೊಟ್ಟೆ ಹಿಡಿದು ನಗೋದು ಬಿಟ್ಟರೆ ಬೇರೆ ಲಾಭ ಇಲ್ಲ. ಆಫೀಸಿಂದ ಸುಸ್ತಾಗಿ ಬಂದ ದಿನ ಇವತ್ತಿಗೂ ನಾನು ಹುಡುಕೋದು ಅದನ್ನೇ. ತಮಾಷೆ ಏನಂದ್ರೆ, ದೊಡ್ಡವರು ಮೆಚ್ಚಿದ ಆ ಮಾಲ್ಗುಡಿಯ ಸ್ವಾಮಿಗೇ ಪ್ರಯೋಜನದ ಪರಿವೆ ಇಲ್ಲ. ರಸ್ತೆಯಲ್ಲಿ ಉರುಳಿಸೋಕೆ ಒಂದು ಗಾಲಿ ಸಿಗುತ್ತೆ ಅಂತ ಗಾಡಿ ಹೊಡೆಯೋನ ಮಾತು ನಂಬಿ ದುಡ್ಡು ಕೊಡೋ ಹುಡುಗ ಅವನು.

ಈಗ ನಾವು ದೊಡ್ಡವರಾಗಿದ್ದೀವಿ. ಕಾರಣ ಕೇಳೋ ಹಿರಿಯರು ನಮ್ಮ ತಲೆಯೊಳಗೇ ಬಂದು ಕೂತಿದ್ದಾರೆ. ಚೆನ್ನಾಗಿ ಕೇಕ್ ಮಾಡ್ತೀಯಾ? ಇನ್‌ಸ್ಟಾದಲ್ಲಿ ಮಾರು. ಬೆಳಿಗ್ಗೆ ಓಡ್ತೀಯಾ? ಆ್ಯಪಿನಲ್ಲಿ ಲೆಕ್ಕ ಇಡು. ಓದೋ ಪುಸ್ತಕಕ್ಕೆ ವರ್ಷದ ಟಾರ್ಗೆಟ್, ಕೇಳೋ ಪಾಡ್‌ಕಾಸ್ಟಿಗೆ 1.5 ಸ್ಪೀಡ್. ಹಾಬಿ ಅನ್ನೋದು ಸಂಬಳವಿಲ್ಲದ ಇನ್ನೊಂದು ಕೆಲಸ ಆಗಿದೆ.

ಇದಕ್ಕೆ ಸುಲಭದ ಉತ್ತರ ಒಂದಿದೆ: ಪ್ರಯೋಜನ ಕೇಳಬೇಡಿ, ಸುಮ್ಮನೆ ಖುಷಿ ಪಡಿ. ಒಪ್ಪೋ ಮಾತೇ. ಆದರೆ ಅಷ್ಟಕ್ಕೇ ನಿಲ್ಲಿಸೋಕೆ ನನಗೆ ಆಗಲ್ಲ. ಯಾಕಂದ್ರೆ ಅಮ್ಮ ನೆನಪಾಗ್ತಾಳೆ.

ಟಿ.ಎನ್. ಸೀತಾರಾಂ ಮತ್ತು ಗೆಳೆಯರ 'ಮಾಯಾಮೃಗ' ಅಂದರೆ ಅಮ್ಮನಿಗೆ ಪ್ರಾಣ. ಆದರೆ ಅದನ್ನ ನೋಡುವಾಗ ಅವಳ ಕೈ ಖಾಲಿ ಇದ್ದದ್ದು ನನಗೆ ನೆನಪಿಲ್ಲ. ಸೀಸನ್ನಿನಲ್ಲಿ ಅವರೆಕಾಯಿ, ಇಲ್ಲದಿದ್ದರೆ ಅಕ್ಕಿ ಆರಿಸೋ ಮೊರ, ಅದೂ ಮುಗಿದಿದ್ದರೆ ಹೂ ಕಟ್ಟೋದು. ಸುಮ್ಮನೆ ಕೂತು ನೋಡಬೇಡ ಅಂತ ಯಾರೂ ಹೇಳಿರಲಿಲ್ಲ. ಹೇಳಬೇಕಾಗೇ ಇರಲಿಲ್ಲ. ಅವರೆಕಾಯಿಯೇ ಅವಳ ರಜಾಚೀಟಿ. ಅಪ್ಪ ಭಾನುವಾರ ಕ್ರಿಕೆಟ್ ನೋಡುವಾಗ ಕೈಯಲ್ಲಿ ಇರುತ್ತಿದ್ದದ್ದು ಕಾಫಿ ಲೋಟ ಮಾತ್ರ. ಆ ಕಾಫಿ ಎಲ್ಲಿಂದ ಬಂತು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಇದು ನಮ್ಮೊಂದೇ ಮನೆಯ ಕಥೆಯಲ್ಲ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡ್ತಾರೆ, ಮಾಡುವ ಗಂಡಸರು 97 ನಿಮಿಷ. ಇದು ಮಾಡುವವರ ಲೆಕ್ಕ ಮಾತ್ರ, ಕೈಯೇ ಹಚ್ಚದವರು ಈ ಸರಾಸರಿಯೊಳಗೆ ಬರೋದೇ ಇಲ್ಲ. ನಡುವಿನ ವ್ಯತ್ಯಾಸ 202 ನಿಮಿಷ. ಹೆಚ್ಚುಕಮ್ಮಿ ಒಂದು ಪೂರ್ತಿ ಟಿ20 ಮ್ಯಾಚ್, ಅದೂ ದಿನಾ.

'ಪುರುಸೊತ್ತು' ಅನ್ನೋ ಪದ ಪಾರ್ಸಿಯ 'ಫುರ್ಸತ್' ಕಡೆಯಿಂದ ಬಂದದ್ದು. ಕನ್ನಡಕ್ಕೆ ಬಂದು ಬಾಯಿಗೆ ಒಗ್ಗುವಾಗ ಅದರ ಬಾಲಕ್ಕೆ ಹೇಗೋ ಒಂದು 'ಸೊತ್ತು' ಅಂಟಿಕೊಂಡಿದೆ. ಭಾಷಾಶಾಸ್ತ್ರಕ್ಕೆ ಇದು ಬರೀ ಆಕಸ್ಮಿಕ ಇರಬಹುದು, ನನಗೆ ಮಾತ್ರ ಅದರಲ್ಲಿ ನ್ಯಾಯ ಕಾಣುತ್ತೆ. ಪುರುಸೊತ್ತು ನಿಜಕ್ಕೂ ಸೊತ್ತೇ. ಮನೆ, ಜಮೀನಿನ ಹಾಗೆ ಅದಕ್ಕೂ ಪಾಲುದಾರರು ಇದ್ದಾರೆ, ಕೆಲವರಿಗೆ ಪಾಲೇ ಸಿಕ್ಕಿರೋದಿಲ್ಲ.

ಆದ್ದರಿಂದ ನಾವು ಕೇಳಬೇಕಾದ ಪ್ರಶ್ನೆ ಬೇರೆ ಅನ್ನಿಸುತ್ತೆ. 'ಏನು ಪ್ರಯೋಜನ?' ಅಂತ ಯಾರ ಖುಷಿಗೂ ಕೇಳಬಾರದು. 'ಯಾರ ಪುರುಸೊತ್ತಿನ ಖರ್ಚಿನಲ್ಲಿ?' ಅಂತ ನಮ್ಮ ಖುಷಿಗೆ ನಾವೇ ಕೇಳಿಕೊಳ್ಳಬೇಕು. ನಂಬರ್ ಪ್ಲೇಟ್ ಕೂಡಿಸೋದು ಈ ಪರೀಕ್ಷೆಯಲ್ಲಿ ಆರಾಮಾಗಿ ಪಾಸು, ಅದಕ್ಕೋಸ್ಕರ ಯಾರೂ ಪಾತ್ರೆ ತಿಕ್ಕಬೇಕಿಲ್ಲ. ಶನಿವಾರ ರಾತ್ರಿ ಇಡೀ ಸೀರೀಸ್ ಮುಗಿಸೋದೂ ಪಾಸಾಗಬಹುದು, ಭಾನುವಾರ ಬೆಳಿಗ್ಗೆ ಸಿಂಕ್ ಯಾರು ಖಾಲಿ ಮಾಡ್ತಾರೆ ಅನ್ನೋದರ ಮೇಲೆ. ಮಳೆಯಲ್ಲಿ ಹತ್ತೇ ನಿಮಿಷಕ್ಕೆ ಚಿಪ್ಸ್ ತಂದುಕೊಡೋ ಹುಡುಗನಿಗೂ ನೆಚ್ಚಿನದೊಂದು ಶೋ ಇದ್ದೀತು. ಅಂದಮಾತ್ರಕ್ಕೆ ಚಿಪ್ಸ್ ತಿನ್ನಬೇಡಿ, ಟಿವಿ ಆಫ್ ಮಾಡಿ ಅಂತ ನಾನು ಹೇಳ್ತಿಲ್ಲ. ಗಿಲ್ಟ್‌ನಿಂದ ಯಾರ ಪುರುಸೊತ್ತೂ ಬೆಳೆಯಲ್ಲ. ಕೆಲಸ ಹಂಚಿಕೊಂಡರೆ ಬೆಳೆಯುತ್ತೆ.

ಮುಂದಿನ ಸಲ ಮನೆಯಲ್ಲಿ ಯಾರಾದರೂ ತಟ್ಟೆ ಮುಂದಿಟ್ಟುಕೊಂಡು ಸೀರಿಯಲ್ ನೋಡ್ತಾ ಇದ್ದರೆ, 'ಅದೇನು ನೋಡ್ತೀಯಮ್ಮ, ಟೈಮ್ ವೇಸ್ಟು' ಅನ್ನೋ ಬದಲು ತಟ್ಟೆಯನ್ನ ನಿಮ್ಮ ಕಡೆ ಎಳ್ಕೊಳ್ಳಿ. ಅವರು ಖಾಲಿ ಕೈಯಲ್ಲಿ ನೋಡಲಿ. ನಿಮಗೇನೂ ನಷ್ಟ ಆಗಲ್ಲ. ನೆನೆಸಿದ ಅವರೆಕಾಳು ಹಿದುಕೋದರಲ್ಲಿ ಬಬಲ್ ರ‍್ಯಾಪಿಗಿಂತ ಜಾಸ್ತಿ ಮಜಾ ಇದೆ.