ಎರಡು ಸಲವೂ ಅದೇ ಉತ್ತರ

ಗಾಂಧಿ ಬಜಾರಿನಲ್ಲಿ ಒಂದು ತಕ್ಕಡಿ ಇದೆ ಅಂತಿಟ್ಟುಕೊಳ್ಳಿ. ಕೆಜಿಗೆ 50 ಗ್ರಾಂ ಕಮ್ಮಿ ತೂಗುತ್ತದೆ. ಬೆಳಿಗ್ಗೆಯೂ ಅಷ್ಟೇ ಕಮ್ಮಿ, ಸಂಜೆಯೂ ಅಷ್ಟೇ ಕಮ್ಮಿ. ಮನಶ್ಶಾಸ್ತ್ರದವರ ಲೆಕ್ಕದಲ್ಲಿ ಇದು ವಿಶ್ವಾಸಾರ್ಹ ತಕ್ಕಡಿ! ಅವರೇನೂ ಮೋಸಗಾರರಲ್ಲ. ಒಂದೇ ಸಾಮಾನು ಎರಡು ಸಲವೂ ಒಂದೇ ತೂಕ ಬಂದರೆ ಅದನ್ನವರು ವಿಶ್ವಾಸಾರ್ಹತೆ ಅನ್ನುತ್ತಾರೆ. ತೂಕ ಸರಿಯೇ ಅನ್ನುವುದು ಬೇರೆ ಪ್ರಶ್ನೆ.

ಅಮೆರಿಕದ ಮಿನೆಸೋಟದಲ್ಲಿ 1943ರಲ್ಲಿ ಒಂದು ವ್ಯಕ್ತಿತ್ವ ಪರೀಕ್ಷೆ ಹೊರಬಂತು. ಐನೂರಕ್ಕೂ ಮೀರಿದ ವಾಕ್ಯಗಳು. ಹೌದು, ಅಲ್ಲ ಅನ್ನಬೇಕು. 'ಸಾಮಾನ್ಯ ಮನುಷ್ಯ' ಹೇಗಿರುತ್ತಾನೆ ಅಂತ ತಿಳಿಯಲು ಹಿಡಿದದ್ದು ಹೆಚ್ಚಾಗಿ ಆಸ್ಪತ್ರೆಗೆ ರೋಗಿಗಳನ್ನು ನೋಡಲು ಬಂದಿದ್ದ ಬಿಳಿಯರನ್ನು. ಕ್ರಿಸ್ತ ಮತ್ತೆ ಬರುತ್ತಾನೆಂಬ ನಂಬಿಕೆಯ ಮಾತೂ ಅದರಲ್ಲಿತ್ತು. ಇಂಥದ್ದನ್ನು ಕನ್ನಡಕ್ಕೆ ತರುವಾಗ ಕ್ರಿಸ್ತ ಯಾರ ಕಣ್ಣಿಗಾದರೂ ಬೀಳುತ್ತಾನೆ. ಬೀಳದಿರುವುದು ಇನ್ನೊಂದು: ಯಾರೋ ನನ್ನನ್ನು ಹಿಂಬಾಲಿಸುತ್ತಿದ್ದಾರೆ ಅನ್ನುವಂಥ ವಾಕ್ಯ. ಹೌದು ಅಂದರೆ ಸಂಶಯರೋಗದ ಕಡೆಗೆ ಒಂದು ಅಂಕ. ಮೇಲ್ಜಾತಿ ಬೀದಿಯಲ್ಲಿ ಚಪ್ಪಲಿ ಮೆಟ್ಟಿ ನಡೆದ ನಮ್ಮ ಹುಡುಗ ಹೌದು ಅಂದರೆ? ಅವನು ಕಂಡದ್ದನ್ನು ಹೇಳಿದ. ತಿಂಗಳು ಬಿಟ್ಟು ಕೇಳಿ, ಮತ್ತೆ ಹೌದು ಅಂತಾನೆ. ಬೀದಿ ಬದಲಾಗಿಲ್ಲವಲ್ಲ. ಪರೀಕ್ಷೆಯ ವಿಶ್ವಾಸಾರ್ಹತೆ ಏರುತ್ತದೆ, ಹುಡುಗ ರೋಗಿಯಾಗುತ್ತಾನೆ.

ಅನುವಾದವನ್ನು ಪರೀಕ್ಷಿಸಲು ಒಂದು ಉಪಾಯವಿದೆ. ಒಬ್ಬರು ಕನ್ನಡ ಮಾಡುತ್ತಾರೆ, ಮೂಲ ನೋಡದ ಇನ್ನೊಬ್ಬರು ತಿರುಗಿ ಇಂಗ್ಲಿಷ್ ಮಾಡುತ್ತಾರೆ. ಎರಡು ಇಂಗ್ಲಿಷೂ ತಾಳೆಯಾದರೆ ಪಾಸು. ಆದರೆ ಒಬ್ಬರು ಬಸವನಗುಡಿ, ಇನ್ನೊಬ್ಬರು ಮಲ್ಲೇಶ್ವರ ಆದರೆ ತಾಳೆಯಾಗದೆ ಏನಾದೀತು? 'ಅಂತರ್ಮುಖಿ', 'ಉದ್ವಿಗ್ನತೆ' ಇವು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗಿ ಬರುತ್ತವೆ, ನಮ್ಮ ಕೇರಿಗೆ ಕಾಲಿಡುವುದಿಲ್ಲ. ಯಾರ ಕನ್ನಡ ಅನ್ನುವ ಜಗಳ ಹೊಸದಲ್ಲ. ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತು ದಲಿತ ಗೋಷ್ಠಿಗೆ ಜಾಗ ಕೊಡದೆ ಹೋದದ್ದಕ್ಕೇ 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ್ದು.

ಹಾಗಾದರೆ ಪರೀಕ್ಷೆಯೇ ಬೇಡವೇ? ಹಾಗನ್ನಲಾರೆ. ಅಳತೆಗೋಲು ಬಿಸಾಕಿದರೆ ನಮ್ಮ ಮಕ್ಕಳನ್ನು ಅಳೆಯುವುದು ಮೇಷ್ಟರ ಕಣ್ಣು, ವಾರ್ಡನ್ನನ ಬಾಯಿ. ಅದು ಇನ್ನೂ ಹಳೆಯ ತಕ್ಕಡಿ. ಆದರೆ ಹಳ್ಳಿ ಮೇಷ್ಟರುಗಳೇ, ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಕೇಳುವವನು ಯಾರು ಅನ್ನುವುದನ್ನೂ ನೋಡಿ. ಪ್ಯಾಂಟು ತೊಟ್ಟ ಅಪರಿಚಿತ ಬಂದು ಏನು ಕೇಳಿದರೂ ನಮ್ಮವ್ವ 'ಹೂಂ ಬುದ್ಧಿ' ಅನ್ನುವವಳು. ಪ್ರಶ್ನೆಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿದ್ದರೆ ಈ ಹೂಂಗುಟ್ಟುವಿಕೆಯೇ ಅಂಕಿಯನ್ನು ಎತ್ತಿ ಹಿಡಿಯುತ್ತದೆ. ಅದೇ ಪ್ರಶ್ನೆ ನಾನು ಕೇಳಿದೆ: "ಅವ್ವಾ, ಮನಸ್ನಾಗಿರೋದನ್ನ ಧೈರ್ಯವಾಗಿ ಹೇಳ್ತೀಯಾ?"

"ಯಾರ್ ಮುಂದೆ, ಮಗಾ?" ಅಂದಳು.