ಹದ ಇಲ್ಲದ ಸಂಜೆ

ಆಳಂದದ ಒಬ್ಬ ನಿವೃತ್ತ ಮಾಸ್ತರರು, ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ಒಬ್ಬ ರೈತ, ಜೇವರ್ಗಿಯಲ್ಲಿ ಮನಃಶಾಸ್ತ್ರ ಕಲಿಸುವ ಒಬ್ಬ ಉಪನ್ಯಾಸಕಿ. ಈ ಮೂವರ ನಡುವೆ ನಡೆಯಬಹುದಾದ ಮಾತುಕತೆ ಇದು. ರಾತ್ರಿ ಯಾವ ಸಿನಿಮಾ ನೋಡುವುದೆಂದು ಗೊತ್ತಾಗದೆ ಮೊಬೈಲ್ ತಿಕ್ಕುತ್ತ ಕೂರುವ ಹೊತ್ತಿನ ಬಗ್ಗೆ ಅವರು ಮಾತಾಡುತ್ತಾರೆ. ವಿಷಯ ಚಿಕ್ಕದು, ಆದರೆ ದಿನಾ ಮನೆಮನೆಯಲ್ಲಿ ನಡೆಯುವಂಥದ್ದು.

ಮಾಸ್ತರರು: ಕಾರಣ ಎದುರಿಗೇ ಇದೆ ಎನ್ನುತ್ತೇನೆ ನಾನು. ಆಯ್ಕೆ ಹೆಚ್ಚಾಯಿತು, ನಿರ್ಧಾರ ಸತ್ತಿತು. 1975ರ ಆಗಸ್ಟ್ 1ರಿಂದ ಒಂದು ವರ್ಷ ನಮ್ಮ ಗುಲ್ಬರ್ಗ ಜಿಲ್ಲೆಗೆ, ಜೊತೆಗೆ ಬಿಜಾಪುರ, ರಾಯಚೂರು ಜಿಲ್ಲೆಗಳಿಗೆ, ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಟಿವಿ ಬಂತು. ಸೈಟ್ ಎಂದು ಆ ಪ್ರಯೋಗದ ಹೆಸರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಿ, ಶಾಲೆಯಂಥ ಸಾರ್ವಜನಿಕ ಜಾಗದಲ್ಲಿ ಊರಿಗೊಂದು ಟಿವಿ ಇಟ್ಟರು. 1977ರಲ್ಲಿ ಗುಲ್ಬರ್ಗಕ್ಕೆ ದೂರದರ್ಶನದ ಪ್ರಸಾರ ಕೇಂದ್ರವೂ ಬಂತು. ಬೆಂಗಳೂರು ಅದಕ್ಕಾಗಿ 1981ರವರೆಗೆ ಕಾಯಬೇಕಾಯಿತು. ಈ ಭಾಗಕ್ಕೆ ಯಾವುದಾದರೂ ಮೊದಲು ಬಂದದ್ದು ಅಪರೂಪ, ಅದಕ್ಕೇ ನೆನೆಸುತ್ತೇನೆ. ಸಂಜೆ ಎರಡೂವರೆ ತಾಸು ಪ್ರಸಾರ. ಒಕ್ಕಲುತನ ಬಂದರೆ ಒಕ್ಕಲುತನ, ನಾಟಕ ಬಂದರೆ ನಾಟಕ. ಯಾವುದನ್ನು ನೋಡೋಣ ಎಂಬ ಪ್ರಶ್ನೆಯೇ ಇರಲಿಲ್ಲ. ಈಗ ನೋಡಿ. ಆಳಂದದ ಗಡಿ ದಾಟಿದರೆ ಅಕ್ಕಲಕೋಟೆ, ಉಮರ್ಗಾ. ಕನ್ನಡ, ಮರಾಠಿ, ದಖನಿ, ಹಿಂದಿ, ಅಷ್ಟಿಷ್ಟು ತೆಲುಗು, ಎಲ್ಲವೂ ನಮ್ಮ ಕಿವಿಗೆ ಹತ್ತುತ್ತವೆ. 2016ರಲ್ಲಿ ನಾಗರಾಜ ಮಂಜುಳೆಯವರ ಸೈರಾಟ್ ಮರಾಠಿಯಲ್ಲಿ ಬಂತು, ಮರುವರ್ಷ ಅದೇ ರಿಂಕು ರಾಜಗುರು ನಾಯಕಿಯಾಗಿ ಮನಸು ಮಲ್ಲಿಗೆ ಎಂದು ಕನ್ನಡದಲ್ಲೂ ಬಂತು. 2018ರ ಕೆಜಿಎಫ್ ಐದು ಭಾಷೆಗಳಲ್ಲಿ ತೆರೆಕಂಡಿತು. ಯಾವ ಸಿನಿಮಾ ಎಂಬ ಪ್ರಶ್ನೆಗೆ ಯಾವ ಭಾಷೆಯಲ್ಲಿ ಎಂಬುದೂ ಗಂಟುಬಿತ್ತು. ಇಷ್ಟರ ನಡುವೆ ಮನುಷ್ಯ ಗೊಂದಲಕ್ಕೆ ಬೀಳದೆ ಇನ್ನೇನಾಗುತ್ತಾನೆ?

ಉಪನ್ಯಾಸಕಿ: ಸರ್, ನೀವು ಹೇಳಿದ್ದಕ್ಕೆ ಒಂದು ಪ್ರಸಿದ್ಧ ಸಾಕ್ಷಿಯೂ ಇದೆ. 2000ದಲ್ಲಿ ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ ಪ್ರಕಟಿಸಿದ ಪ್ರಯೋಗ ಅದು. ಕ್ಯಾಲಿಫೋರ್ನಿಯಾದ ಒಂದು ಅಂಗಡಿಯಲ್ಲಿ 24 ಬಗೆಯ ಜಾಮ್ ಇಟ್ಟಾಗ ನಿಂತು ನೋಡಿದವರು ಹೆಚ್ಚು, ಆದರೆ ಹಾಗೆ ನಿಂತವರಲ್ಲಿ ಕೊಂಡವರು ನೂರಕ್ಕೆ 3 ಮಂದಿ. ಆರೇ ಬಗೆ ಇಟ್ಟಾಗ ಕೊಂಡವರು ನೂರಕ್ಕೆ 30. ನಿಮ್ಮ ವಾದವನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ಆದರೆ 2010ರಲ್ಲಿ ಇಂಥ 50 ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ ಸರಾಸರಿ ಪರಿಣಾಮ ಹೆಚ್ಚುಕಡಿಮೆ ಸೊನ್ನೆಗೆ ಬಂತು. ಕೆಲವೆಡೆ ಆಯ್ಕೆ ಹೆಚ್ಚಾಗಿ ಜನ ತಬ್ಬಿಬ್ಬಾದರು, ಕೆಲವೆಡೆ ಆಯ್ಕೆ ಹೆಚ್ಚಾಗಿಯೇ ಖುಷಿಪಟ್ಟರು. ಆದ್ದರಿಂದ ಸಂಖ್ಯೆಯ ಮೇಲೆ ತಪ್ಪು ಹೊರಿಸಿ ಎದ್ದುಹೋಗಲು ಆಗುವುದಿಲ್ಲ. ಸಂತೆಯನ್ನೇ ನೋಡಿ. ಅಲ್ಲಿ ನೂರು ಜನ ಕಾಯಿಪಲ್ಯ ಹಚ್ಚಿಕೊಂಡು ಕೂತಿರುತ್ತಾರೆ. ಹೆಣ್ಣುಮಕ್ಕಳು ಬದನೆಕಾಯಿ ಹಿಸುಕಿ ನೋಡಿ, ದರ ಕೇಳಿ, ಚೀಲ ತುಂಬಿಸಿಕೊಂಡು ಹೊರಡುತ್ತಾರೆ. ಅಲ್ಲಿ ಯಾರೂ ದಿಕ್ಕುತಪ್ಪಿ ನಿಲ್ಲುವುದಿಲ್ಲ. ಅದೇ ಹೆಣ್ಣುಮಗಳು ರಾತ್ರಿ ಪಾತ್ರೆ ತೊಳೆದಿಟ್ಟು ಮೊಬೈಲ್ ಹಿಡಿದು ಕೂತಾಗ ಆಗುವುದೇ ಬೇರೆ. ಒಂದು ಪೋಸ್ಟರ್ ಮೇಲೆ ಬೆರಳು ನಿಲ್ಲುತ್ತದೆ, ಟ್ರೈಲರ್ ತಾನೇ ಶುರುವಾಗುತ್ತದೆ, ಅರ್ಧಕ್ಕೆ ಬೆರಳು ಮುಂದೆ ಸರಿಯುತ್ತದೆ. ಹತ್ತು ನಿಮಿಷದ ಮೇಲೆ ಮೊದಲಿನ ಪೋಸ್ಟರೇ ಮತ್ತೆ ಬರುತ್ತದೆ. ಇದನ್ನು ನೋಡಿದ್ದೇನೋ ಇಲ್ಲವೋ ಎಂಬ ಅನುಮಾನ ಹುಟ್ಟುತ್ತದೆ. ಕಡೆಗೆ ಎಂದೋ ನೋಡಿದ ಹಾಸ್ಯದ ತುಣುಕನ್ನೇ ಮತ್ತೊಮ್ಮೆ ನೋಡಿ ಮಲಗುತ್ತಾಳೆ. ಸಂತೆಯಲ್ಲಿ ಇದ್ದದ್ದು ಮನೆಯಲ್ಲಿ ಏನು ಇಲ್ಲವಾಯಿತು ಎಂದು ಕೇಳಬೇಕು.

ರೈತ: ನಾನು ಹೇಳುತ್ತೇನೆ ತಂಗಿ. ಹೊತ್ತು ಇಲ್ಲವಾಯಿತು. ಸಂತೆ ಸಂಜೆಗೆ ಎದ್ದುಬಿಡುತ್ತದೆ. ನಮ್ಮ ಹೊಲದ ಮಾತೂ ಅದೇ. ಮೃಗಶಿರಾ ಮಳೆ ಬಿತ್ತು ಅನ್ನಿ. ತೊಗರಿಯೋ ಹತ್ತಿಯೋ ಉದ್ದೋ ಹೆಸರೋ, ತಲೆಯಲ್ಲಿ ನಾಲ್ಕು ಲೆಕ್ಕ ಓಡುತ್ತಿರುತ್ತವೆ. ಬೀಜದ ದರ, ಹೋದ ವರ್ಷ ಅಡತಿಯಲ್ಲಿ ಸಿಕ್ಕ ರೇಟು, ಸಾಲ, ಆಳು, ಎಲ್ಲ. ಸಿನಿಮಾ ಆರಿಸುವುದಕ್ಕಿಂತ ಇದು ಸಾವಿರ ಪಾಲು ಕಠಿಣ. ಆದರೂ ತೀರ್ಮಾನ ಆಗುತ್ತದೆ. ಯಾಕೆಂದರೆ ಎರೆ ಭೂಮಿಗೆ ಹದ ಅಂತ ಒಂದಿದೆ. ಹಸಿ ಹೆಚ್ಚಿದ್ದರೆ ಕೂರಿಗೆಗೆ ಮಣ್ಣು ಮೆತ್ತಿಕೊಂಡು ಸಾಲು ಹೋಗುವುದಿಲ್ಲ. ಒಣಗಿದರೆ ಬೀಜ ಹುಟ್ಟುವುದಿಲ್ಲ. ಒಂದು ಹಿಡಿ ಮಣ್ಣು ತೆಗೆದು ಗಟ್ಟಿಯಾಗಿ ಹಿಸುಕಬೇಕು. ಉಂಡೆ ಕಟ್ಟಬೇಕು, ಅಂಗೈಗೆ ಅಂಟಬಾರದು, ಎದೆಯೆತ್ತರದಿಂದ ಬಿಟ್ಟರೆ ಒಡೆಯಬೇಕು. ಅವತ್ತು ಹದ. ಅದು ಕೆಲವೇ ದಿನ ಇರುತ್ತದೆ. ಆ ದಿನಗಳಲ್ಲಿ ಬಿತ್ತದಿದ್ದರೆ ಏನು ಬಿತ್ತುವುದು ಎಂಬ ಪ್ರಶ್ನೆಯೇ ಉಳಿಯುವುದಿಲ್ಲ. ನಿಮ್ಮ ಮೊಬೈಲಿಗೆ ಹದ ಇಲ್ಲ. ಇವತ್ತು ನೋಡದಿದ್ದರೆ ನಾಳೆ, ಒಂಬತ್ತಕ್ಕಲ್ಲದಿದ್ದರೆ ಹತ್ತಕ್ಕೆ. ಹಾಗಿರುವಾಗ ಯಾರು ಯಾಕೆ ತೀರ್ಮಾನ ಮಾಡಬೇಕು?

ಉಪನ್ಯಾಸಕಿ: ಅಣ್ಣಾರ, ನೀವು ಹೊಲದಲ್ಲಿ ಕಂಡದ್ದನ್ನು ಏಮೋಸ್ ಟ್ವೆರ್ಸ್ಕಿ ಮತ್ತು ಎಲ್ಡಾರ್ ಶಫೀರ್ 1992ರಲ್ಲಿ ಕಾಗದದ ಮೇಲೆ ತೋರಿಸಿದ್ದಾರೆ. ಒಂದು ಉದ್ದನೆಯ ಪ್ರಶ್ನಾವಳಿ ತುಂಬಿ ತಂದುಕೊಟ್ಟರೆ ಐದು ಡಾಲರ್ ಎಂದು ವಿದ್ಯಾರ್ಥಿಗಳಿಗೆ ಹೇಳಿದರು. ಐದು ದಿನದ ಗಡುವು ಇದ್ದವರಲ್ಲಿ ನೂರಕ್ಕೆ 60 ಮಂದಿ ತಂದರು, ಮೂರು ವಾರ ಕೊಟ್ಟಾಗ 42, ಗಡುವೇ ಇಲ್ಲದವರಲ್ಲಿ 25. ಎಲ್ಲರಿಗೂ ಕೆಲಸ ಅದೇ, ಹಣ ಅದೇ. ಹೊತ್ತು ಹೆಚ್ಚಿದಂತೆ ಕೈಗೂಡಿದ್ದು ಕಡಿಮೆಯಾಯಿತು. ನನ್ನ ನಿಲುವೂ ಇದೇ: ದಿನನಿತ್ಯದ ಅನಿಶ್ಚಯ ಹುಟ್ಟುವುದು ಮುಂದೂಡುವುದಕ್ಕೆ ಬೆಲೆ ಇಲ್ಲದ ಕಡೆ. ಆಯ್ಕೆ ಎರಡೇ ಇದ್ದರೂ ಮುಂದೂಡಲು ಬಂದರೆ ಮನಸ್ಸು ಹೊಯ್ದಾಡುತ್ತದೆ. ಇನ್ನೂರು ಇದ್ದರೂ ಸಂಜೆಗೆ ಸಂತೆ ಏಳುವುದಾದರೆ ಕೈ ತಾನೇ ಚೀಲಕ್ಕೆ ಹೋಗುತ್ತದೆ.

ಮಾಸ್ತರರು: ಒಪ್ಪೋಣ. ಆದರೆ ಗಡುವಿಗಿಂತ ದೊಡ್ಡ ಮದ್ದು ನಮ್ಮಲ್ಲೇ ಇದೆಯಲ್ಲ? ಗಾಣಗಾಪುರದ ಮಧುಕರಿ ನೋಡಿ. ಭೀಮಾ ಮತ್ತು ಅಮರ್ಜಾ ಕೂಡುವ ಆ ಕ್ಷೇತ್ರಕ್ಕೆ ಬಂದವರು ಮಧ್ಯಾಹ್ನ ಕನಿಷ್ಠ ಐದು ಮನೆಗಳಲ್ಲಿ ಭಿಕ್ಷೆ ಬೇಡುತ್ತಾರೆ. ದತ್ತಾತ್ರೇಯನೂ ಆ ಹೊತ್ತಿಗೆ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆ. ಊರಲ್ಲಿ ಹೋಟೆಲಿಗೆ ಹೋದರೆ ದೋಸೆಯೋ ಇಡ್ಲಿಯೋ ಎಂದು ಚಡಪಡಿಸುವವರೇ ಇಲ್ಲಿ ಜೋಳಿಗೆಗೆ ಬಿದ್ದದ್ದನ್ನು ಕಣ್ಣಿಗೊತ್ತಿಕೊಂಡು ಉಣ್ಣುತ್ತಾರೆ. ಮದುವೆಯೋ ಮನೆಯೋ ಮಾತು ಬಂದಾಗ ದೇವರಲ್ಲಿ ಹೂ ಕೇಳುವುದೂ ಇದೇ ಬಗೆ. ಬಲಗಡೆ ಬಿದ್ದರೆ ಹೌದು, ಎಡಗಡೆ ಬಿದ್ದರೆ ಅಲ್ಲ. ಆರಿಸುವ ಭಾರವನ್ನು ಇನ್ನೊಬ್ಬರ ಕೈಗೆ ಕೊಟ್ಟರೆ ಮನಸ್ಸು ಹಗುರಾಗುತ್ತದೆ.

ಉಪನ್ಯಾಸಕಿ: ಯಾರ ಕೈಗೆ ಕೊಡುತ್ತೇವೆ ಎನ್ನುವುದರ ಮೇಲಿದೆ ಸರ್. ನೆಟ್‌ಫ್ಲಿಕ್ಸ್ 2021ರಲ್ಲಿ ಹಾಗೊಂದು ಗುಂಡಿ ಕೊಟ್ಟಿತ್ತು. ಒತ್ತಿದರೆ ಅದೇ ಒಂದನ್ನು ಆರಿಸಿ ಹಾಕುತ್ತಿತ್ತು. 2023ರಲ್ಲಿ ಅದನ್ನು ತೆಗೆದುಬಿಟ್ಟರು. ಯಂತ್ರ ಆರಿಸಿಕೊಟ್ಟದ್ದನ್ನು ಮುಂದಿನ ಒತ್ತಿಗೆ ತಳ್ಳಿಹಾಕಬಹುದಿತ್ತು, ಹಾಗಾಗಿ ಆರಿಸಿದ್ದೂ ಆರಿಸಿದಂತೆ ಆಗಲಿಲ್ಲ ಎಂದು ನನಗನಿಸುತ್ತದೆ. ಮಧುಕರಿಯಲ್ಲಿ ಆರನೆಯ ಮನೆಯ ಅನ್ನ ಚೆನ್ನಾಗಿರಬಹುದು ಎಂದು ಐದನೆಯದನ್ನು ಹಿಂದಿರುಗಿಸಲು ಬರುವುದಿಲ್ಲ. ಅಲ್ಲಿ ನೆಮ್ಮದಿ ಕೊಡುವುದು ಆ ಕಟ್ಟು. ಇದಕ್ಕೆ ಹೊಂದುವ ಇನ್ನೊಂದು ಪ್ರಯೋಗ 2002ರಲ್ಲಿ ಪ್ರಕಟವಾಯಿತು. ಡೇನಿಯಲ್ ಗಿಲ್ಬರ್ಟ್ ಮತ್ತು ಜೇನ್ ಎಬರ್ಟ್ ಹಾರ್ವರ್ಡ್‌ನಲ್ಲಿ ಫೋಟೋಗ್ರಫಿ ಕಲಿಸಿ, ತೊಳೆದ ಎರಡು ಚಿತ್ರಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಿ ಎಂದರು. ಕೆಲವರಿಗೆ ಆಮೇಲೆ ಬದಲಾಯಿಸಿಕೊಳ್ಳಲು ಅವಕಾಶ, ಕೆಲವರಿಗೆ ಇಲ್ಲ. ಬದಲಾಯಿಸಲಾಗದವರೇ ತಮ್ಮ ಚಿತ್ರವನ್ನು ಹೆಚ್ಚು ಮೆಚ್ಚಿಕೊಂಡರು. ಆದರೂ ಮೊದಲೇ ಕೇಳಿದರೆ ಬದಲಾಯಿಸುವ ಅವಕಾಶ ಇರಲಿ ಎನ್ನುವವರೇ ಬಹಳ. ನಮಗೆ ಹಿತವಾದದ್ದು ಯಾವುದು ಎಂದು ನಮಗೇ ಸರಿಯಾಗಿ ಗೊತ್ತಿರುವುದಿಲ್ಲ. ಥಿಯೇಟರಿನಲ್ಲಿ ಮೊದಲರ್ಧ ಎಳೆದರೂ ಜನ ಕೂತಿರುತ್ತಾರೆ, ಇಂಟರ್ವಲ್ ಆದ ಮೇಲೆ ಅದೇ ಸಿನಿಮಾ ಹಿಡಿಸುತ್ತದೆ. ಮನೆಯಲ್ಲಿ ಹನ್ನೆರಡನೆಯ ನಿಮಿಷಕ್ಕೆ ಎದ್ದುಬಿಡುವವರಿಗೆ ಆ ಎರಡನೆಯ ಅರ್ಧ ಸಿಗುವುದೇ ಇಲ್ಲ.

ರೈತ: ಇಲ್ಲಿ ನನ್ನದೇ ಮಾತಿಗೆ ನಾನು ಒಂದು ಅಡ್ಡಗೋಡೆ ಹಾಕುತ್ತೇನೆ. ಹದದ ಗುಣಗಾನ ಮಾಡಬೇಡಿ. ಹದ ತೀರ್ಮಾನ ಮಾಡಿಸುತ್ತದೆ, ಆ ತೀರ್ಮಾನ ಸರಿ ಎಂದು ಅದು ಮಾತು ಕೊಡುವುದಿಲ್ಲ. ಹದ ಬಂತೆಂದು ಬಿತ್ತಿ, ಮುಂದೆ ಹದಿನೈದು ದಿನ ಮಳೆ ಕೈಕೊಟ್ಟು, ಮತ್ತೆ ಬೀಜ ತಂದು ದುಬಾರ ಬಿತ್ತಿದವರು ಪ್ರತಿ ಊರಲ್ಲೂ ಇದ್ದಾರೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಪಟ್ಟ ಸಿಕ್ಕಿತು, ಹೆಸರು ದೊಡ್ಡದಾಯಿತು. ಹೂ ಬಿಡುವ ಹೊತ್ತಿಗೆ ಮಂಜು ಮುಸುಕಿದರೆ ಆ ಹೆಸರು ಕಾಪಾಡುವುದಿಲ್ಲ. ಒಂದು ತಪ್ಪಿಗೆ ಒಂದು ವರ್ಷ ಹೋಗುತ್ತದೆ. ಹಾಗಾಗಿ ಹೊಲದ ವಿಷಯದಲ್ಲಿ ರೈತ ಯೋಚಿಸುತ್ತ ಕೂತರೆ ಅವನನ್ನು ಹಳಿಯಬೇಡಿ.

ಉಪನ್ಯಾಸಕಿ: ಅದಕ್ಕೇ ನಾನು ಚಿಕ್ಕ ವಿಷಯಗಳನ್ನು ಬೇರೆ ಇಡಬೇಕೆನ್ನುವುದು. ಬೆಳೆ, ಮದುವೆ, ಓದು ಇವುಗಳಲ್ಲಿ ತಪ್ಪು ದುಬಾರಿ. ಅಲ್ಲಿ ಹೊತ್ತು ಬೇಕು, ಅನುಮಾನವೂ ಬೇಕು. ಸಿನಿಮಾದಲ್ಲಿ ತಪ್ಪಿಗೆ ಬೆಲೆಯೇ ಇಲ್ಲ. ತಪ್ಪು ಅಗ್ಗವಾದ ಕಡೆ ನಾವು ಇಷ್ಟು ತಡಕಾಡುತ್ತೇವೆ, ದುಬಾರಿಯಾದ ಕಡೆ ಯೋಚಿಸಲು ಹೊತ್ತೇ ಇರುವುದಿಲ್ಲ. ನನಗೆ ಇದು ನಿಜವಾಗಿಯೂ ಕಳವಳ ತರುವ ಸಂಗತಿ. ಮನಸ್ಸಿನ ಕಸುವನ್ನೆಲ್ಲ ಪೋಸ್ಟರುಗಳಿಗೆ ಸುರಿದು ಮಲಗುವ ಹುಡುಗ, ಯಾವ ಕೋರ್ಸ್ ಸೇರುವುದೆಂಬ ಅರ್ಜಿಯನ್ನು ಕೊನೆಯ ದಿನ ಸೈಬರ್ ಅಂಗಡಿಯವರು ಹೇಳಿದಂತೆ ತುಂಬುತ್ತಾನೆ.

ಮಾಸ್ತರರು: ಪೋಸ್ಟರು ನೋಡುವುದೇ ಅವನ ಸುಖವಾಗಿರಬಹುದಲ್ಲ? ಜಾತ್ರೆಯಲ್ಲಿ ಏನೂ ಕೊಳ್ಳದೆ ಅಂಗಡಿ ಸಾಲು ತಿರುಗುವವರು ಎಷ್ಟು ಜನ! ಅದನ್ನು ರೋಗ ಎನ್ನುತ್ತೇವೆಯೇ?

ಉಪನ್ಯಾಸಕಿ: ಎನ್ನುವುದಿಲ್ಲ. ಜಾತ್ರೆ ತಿರುಗಿ ಬಂದವರ ಮುಖದಲ್ಲಿ ಗೆಲುವಿರುತ್ತದೆ. ಮುಕ್ಕಾಲು ತಾಸು ಮೊಬೈಲ್ ತಿಕ್ಕಿದವರು ಏನೂ ಇಲ್ಲ ಇದರಲ್ಲಿ ಎಂದು ರೇಗುತ್ತ ಅದನ್ನು ಹಾಸಿಗೆ ಮೇಲೆ ಒಗೆಯುತ್ತಾರೆ. ಆ ರೇಗಾಟವೇ ಗುರುತು. ಇನ್ನು, ನೀವು ಮೊದಲು ಹೇಳಿದ ಊರಿಗೊಂದು ಟಿವಿಯ ಕಾಲಕ್ಕೆ ನನ್ನದೊಂದು ತಕರಾರು ಉಳಿದಿದೆ. ಆಗ ಅನಿಶ್ಚಯ ಇರಲಿಲ್ಲ ನಿಜ. ಆದರೆ ಏನು ತೋರಿಸಬೇಕೆಂದು ತೀರ್ಮಾನಿಸಿದವರು ದೂರದಲ್ಲಿದ್ದರು, ರಾತ್ರಿ ಯಾರು ಹೊರಗೆ ಹೋಗಿ ಕೂರಬಹುದೆಂದು ತೀರ್ಮಾನಿಸಿದವರು ಮನೆಯ ಗಂಡಸರು. ಟೂರಿಂಗ್ ಟಾಕೀಸಿಗೂ ಕಂಪನಿ ನಾಟಕಕ್ಕೂ ಹೆಣ್ಣುಮಗಳು ಅಪ್ಪಣೆ ಪಡೆದೇ ಹೋಗಬೇಕಿತ್ತು. ಅವಳ ಕೈಗೆ ಇವತ್ತು ಮೊಬೈಲ್ ಬಂದಿದೆ, ತನಗೆ ಬೇಕಾದ ಸಿನಿಮಾವನ್ನು ತಾನು ಹುಡುಕುತ್ತಾಳೆ. ಆ ಹೊಯ್ದಾಟ ಎಷ್ಟೇ ಕಿರಿಕಿರಿಯಾದರೂ ಹಿಂದಿನ ನಿಶ್ಚಿಂತೆಗಿಂತ ನನಗೆ ಬೇಕಾದದ್ದು. ಆಯ್ಕೆ ಕಡಿಮೆ ಮಾಡಿ ಎಂದು ನಾನು ಎಂದೂ ಕೇಳುವುದಿಲ್ಲ. ಅವಳಿಗೆ ಆಯ್ಕೆಯೂ ಇರಲಿ, ಅದಕ್ಕೊಂದು ಹದವೂ ಇರಲಿ.

ರೈತ: ಹದ ಮುಗಿಲಿಂದ ಬರುತ್ತದೆ ತಂಗಿ. ನಾವೇ ಮಾಡಿಕೊಂಡ ಗಡುವನ್ನು ನಾವೇ ಮುರಿಯುತ್ತೇವೆ. ಒಂಬತ್ತಕ್ಕೆ ಆರಿಸಿಬಿಡುತ್ತೇನೆ ಎಂದುಕೊಂಡವನನ್ನು ಒಂಬತ್ತೂಕಾಲಿಗೆ ಕೇಳುವವರು ಯಾರು?

ಉಪನ್ಯಾಸಕಿ: ಇನ್ನೊಬ್ಬರು ಇರಬೇಕು, ಅಷ್ಟೇ. ಕಾಂತಾರ 2022ರ ಸೆಪ್ಟೆಂಬರ್ 30ಕ್ಕೆ ಬಂದದ್ದು ಕನ್ನಡದಲ್ಲಿ ಮಾತ್ರ. ನೋಡಿದವರು ನೋಡದವರಿಗೆ ಹೇಳುತ್ತ ಹೋದರು, ಎರಡು ವಾರದಲ್ಲಿ ಹಿಂದಿಗೂ ಬೇರೆ ಭಾಷೆಗಳಿಗೂ ಡಬ್ ಆಯಿತು. ಆ ದಿನಗಳಲ್ಲಿ ಯಾವ ಸಿನಿಮಾ ಎಂದು ತಲೆ ಕೆಡಿಸಿಕೊಂಡವರು ಕಡಿಮೆ. ಗೆಳೆಯ ಟಿಕೆಟ್ ತೆಗೆದಿರುತ್ತಿದ್ದ, ಆಟ ಇಷ್ಟು ಗಂಟೆಗೆ ಎಂದು ಹೇಳಿರುತ್ತಿದ್ದ, ಬರುತ್ತೇನೆಂದು ಮಾತು ಕೊಟ್ಟಾಗಿರುತ್ತಿತ್ತು. ಕೊಟ್ಟ ಮಾತನ್ನು ಮುಂದೂಡಿದರೆ ಬೆಲೆ ತೆರಬೇಕಾಗುತ್ತದೆ, ಅದು ಗೆಳೆಯನ ಮುನಿಸಾದರೂ ಸರಿ. ಮನುಷ್ಯರು ಒಬ್ಬರಿಗೊಬ್ಬರು ಕೊಡಬಲ್ಲ ಹದ ಅದೊಂದೇ ಇರಬೇಕು.

ಮಾಸ್ತರರು: ಹಾಗಾದರೆ ಮನೆಮನೆಗೆ ಟಿವಿ ಬಂದ ಮೇಲೆ ರಿಮೋಟಿಗಾಗಿ ನಡೆಯುತ್ತಿದ್ದ ಜಗಳಗಳಿಗೂ ಒಂದು ಬೆಲೆ ಇತ್ತು ಅನ್ನಿ. ಅಜ್ಜಿಗೆ ಭಕ್ತಿ ಸಿನಿಮಾ, ಹುಡುಗರಿಗೆ ಕ್ರಿಕೆಟ್, ಸೊಸೆಗೆ ಧಾರಾವಾಹಿ. ಒಬ್ಬರಾದರೂ ಸೋಲಲೇಬೇಕು, ಸೋತವರೂ ಕೂತು ನೋಡಬೇಕು. ಈಗ ಕಲಬುರಗಿಯ ಹಾಸ್ಟೆಲಿನಲ್ಲಿ ಒಂದೇ ಖೋಲಿಯ ನಾಲ್ವರು ಹುಡುಗರು ನಾಲ್ಕು ಮೊಬೈಲ್ ಹಿಡಿದು ನಾಲ್ಕು ಗೋಡೆ ನೋಡುತ್ತ ಮಲಗಿರುತ್ತಾರೆ. ಯಾರೂ ಸೋಲುವುದಿಲ್ಲ, ಯಾವ ಸಿನಿಮಾವೂ ಶುರುವಾಗುವುದಿಲ್ಲ.

ಉಪನ್ಯಾಸಕಿ: ಆ ಜಗಳದಲ್ಲೂ ಸೊಸೆಯೇ ಹೆಚ್ಚು ಸಲ ಸೋತಿರುತ್ತಾಳೆ ಸರ್, ಅದನ್ನು ಬಿಟ್ಟು ಲೆಕ್ಕ ಹಾಕಬೇಡಿ. ಆದರೆ ಆ ನಾಲ್ವರು ಹುಡುಗರ ಮಟ್ಟಿಗೆ ನೀವು ಹೇಳಿದ್ದು ನಿಜ. ಇವತ್ತು ಇವನು ಹೇಳಿದ್ದು, ನಾಳೆ ಅವನು ಹೇಳಿದ್ದು ಎಂದು ಸರದಿ ಇಟ್ಟುಕೊಂಡು, ಅರ್ಧಕ್ಕೆ ಏಳಬಾರದು ಎಂಬ ಒಂದೇ ಕರಾರು ಮಾಡಿಕೊಂಡರೂ ಸಾಕು. ಜಗಳವಾದರೆ ಆಗಲಿ, ಒಂಬತ್ತೂವರೆಗೆ ಒಂದು ಸಿನಿಮಾ ಶುರುವಾಗಿರುತ್ತದೆ.